ಇನ್ನೂ ನೋಡ್ತಾ ಇದ್ದೀನಿ

ಬಿಎಸ್ಸಿ ಕೊನೇ ವರ್ಷ ಶುರುವಾಗಿ ಹೆಚ್ಚು ದಿನ ಆಗಿಲ್ಲ. ಅಷ್ಟರಲ್ಲೇ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಮುಂದೇನು?" ಮೊದಲ ವರ್ಷ ಎಲ್ಲರೂ "ಯಾವ ಕಾಲೇಜು?" ಅಂತ ಕೇಳುತ್ತಿದ್ದರು. ಎರಡನೇ ವರ್ಷ ಯಾರೂ ಏನೂ ಕೇಳಲಿಲ್ಲ. ಈಗ ಫೋನ್ ಎತ್ತಿದರೆ ದೊಡ್ಡಮ್ಮ, ಮೆಟ್ಟಿಲ ಹತ್ತಿರ ಸಿಕ್ಕರೆ ವಾರ್ಡನ್ ಮೇಡಂ, ಕಾರಿಡಾರಿನಲ್ಲಿ ಸಿಕ್ಕರೆ ಮೊದಲ ವರ್ಷ ಪಾಠ ಮಾಡಿದ ಸರ್. ಕೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ನನ್ನ ಮೇಲೆ ಅಕ್ಕರೆ ಇರುವುದಕ್ಕೇ ಕೇಳುತ್ತಾರೆ. ಆದರೆ ಅವರಿಗೆ ಬೇಕಿರುವ ಉತ್ತರ ಎರಡೇ. "ಎಂಎಸ್ಸಿ ಮಾಡ್ತೀನಿ" ಅನ್ನಬೇಕು, ಇಲ್ಲವೇ "ಕೆಲಸಕ್ಕೆ ಸೇರ್ತೀನಿ" ಅನ್ನಬೇಕು. "ಇನ್ನೂ ನೋಡ್ತಾ ಇದ್ದೀನಿ" ಅಂದರೆ, "ಸರಿ, ಆದ್ರೆ ಏನು ಮಾಡ್ತೀಯ?" ಅಂತ ಮತ್ತೆ ಕೇಳುತ್ತಾರೆ. ನಾನು ಉತ್ತರವನ್ನೇ ಕೊಟ್ಟಿಲ್ಲ ಅನ್ನೋ ಹಾಗೆ.

ಅದೂ ಒಂದು ಉತ್ತರವೇ ಅಂತ ನನಗೆ ಅನ್ನಿಸುತ್ತದೆ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಇದನ್ನು ನಾನು ಕಲಿತದ್ದು ನನ್ನ ಪಾಠದಲ್ಲೇ.

ನಾನು ಓದುತ್ತಿರುವುದು ಸ್ಟ್ಯಾಟಿಸ್ಟಿಕ್ಸ್. ಪಿಯುಸಿ ಮುಗಿಸಿ ಇದನ್ನು ಆರಿಸಿಕೊಂಡಾಗ ಇದರಲ್ಲಿ ಏನಿರುತ್ತದೆ ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಗಣಿತ ಇಷ್ಟ, ಪ್ರಯೋಗಶಾಲೆ ಅಷ್ಟು ಇಷ್ಟ ಇಲ್ಲ, ಅಷ್ಟೇ ಕಾರಣ. ಓದುತ್ತಾ ಓದುತ್ತಾ ಹಿಡಿಸಿತು. ಗೊತ್ತಿಲ್ಲದ್ದರ ಬಗ್ಗೆ ಜಾಗ್ರತೆಯಿಂದ ಮಾತಾಡುವುದು ಹೇಗೆ ಅಂತ ಈ ವಿಷಯ ಕಲಿಸುತ್ತದೆ. "ಗೊತ್ತಿಲ್ಲ" ಅಂದು ಕೈ ಚೆಲ್ಲುವುದಿಲ್ಲ. "ಎಷ್ಟು ಗೊತ್ತಿಲ್ಲ?" ಅಂತ ಕೇಳುತ್ತದೆ. ಆ ಪ್ರಶ್ನೆ ನನಗೆ ತುಂಬಾ ಇಷ್ಟ.

ನಮ್ಮ ಕ್ಲಾಸಿನಲ್ಲಿ ಕೆಲವರಿಗೆ ಎಲ್ಲವೂ ಆಗಲೇ ನಿಶ್ಚಯವಾಗಿದೆ. ಒಬ್ಬನಿಗೆ ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಿದ ಕಡೆಯೇ ಕೆಲಸ ಖಾತ್ರಿ ಆಗಿದೆ. ನನ್ನ ರೂಮ್‌ಮೇಟ್ ಸರ್ಕಾರಿ ನೌಕರಿಯ ಪರೀಕ್ಷೆಗೆ ಕೂತಿದ್ದಾಳೆ. ಬೆಳಗ್ಗೆ ನಾಲ್ಕಕ್ಕೆ ಏಳುತ್ತಾಳೆ. ನನಗೆ ಎಚ್ಚರ ಆಗಬಾರದು ಅಂತ ಮೊಬೈಲ್ ಟಾರ್ಚಿನ ಮೇಲೆ ಕರ್ಚೀಫ್ ಹಾಕಿಕೊಂಡು ಓದುತ್ತಾಳೆ. ಅವಳಿಗೆ ಇದು ಬೇಕೇ ಬೇಕು. ಅವಳ ಅಷ್ಟು ಗಟ್ಟಿಯಾದ ಆಸೆ ನೋಡಿದರೆ ನನಗೆ ಗೌರವ ಬರುತ್ತದೆ. ನನಗೂ ಹಾಗೊಂದು ಇರಬೇಕಿತ್ತು ಅಂತಲೂ ಅನ್ನಿಸುತ್ತದೆ.

ನನ್ನ ಮುಂದೆ ಇರುವುದು ಎರಡು ದಾರಿ. ಒಂದು, ಎಂಎಸ್ಸಿ. ಅದರಲ್ಲೂ ಸ್ಯಾಂಪಲ್ ಸರ್ವೆ (ಕೆಲವರನ್ನು ಕೇಳಿ ಎಲ್ಲರ ಬಗ್ಗೆ ಅಂದಾಜು ಮಾಡುವುದು) ಅಥವಾ ಸರ್ವೈವಲ್ ಅನಾಲಿಸಿಸ್ (ಒಂದು ಘಟನೆ ಆಗಲು ಎಷ್ಟು ಸಮಯ ಹಿಡಿಯುತ್ತದೆ ಅಂತ ಲೆಕ್ಕ ಹಾಕುವುದು) ಕಡೆ ಹೋಗುವ ಆಸೆ. ಇನ್ನೊಂದು, ಡೇಟಾ ಅನಲಿಸ್ಟ್ ಥರದ ಕೆಲಸ ಸಿಕ್ಕರೆ ಸೇರಿಕೊಳ್ಳುವುದು. ಬರುವ ವರ್ಷ ತಮ್ಮ ಕಾಲೇಜಿಗೆ ಸೇರುತ್ತಾನೆ. ಮನೆಯಲ್ಲಿ ದುಡಿಯುವುದು ಅಪ್ಪ ಒಬ್ಬರೇ. ಯಾರೂ ಇದನ್ನು ಬಾಯಿಬಿಟ್ಟು ಹೇಳಿಲ್ಲ. ಆದರೆ ಮನೆಯ ಲೆಕ್ಕ ನನಗೆ ಗೊತ್ತು.

ಹೋದ ಸೆಮಿಸ್ಟರ್ ಕೊನೆಗೆ ನಮಗೆ ಒಂದು ಪಾಠ ಬಂತು. ಸೀಕ್ವೆನ್ಷಿಯಲ್ ಟೆಸ್ಟ್. ಪರೀಕ್ಷೆ ಹತ್ತಿರ ಬಂದಿತ್ತು. ಎಲ್ಲರೂ ಸೂತ್ರ ಬರೆದುಕೊಂಡು ಮುಂದೆ ಹೋದರು. ನನಗೆ ಮಾತ್ರ ರಜೆ ಪೂರ್ತಿ ಅದೇ ತಲೆಯಲ್ಲಿತ್ತು.

ಅದು ಹುಟ್ಟಿದ್ದು ಎರಡನೇ ಮಹಾಯುದ್ಧದ ಸಮಯದಲ್ಲಿ, 1943ರಲ್ಲಿ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸೇನೆಯ ಕೆಲಸಕ್ಕೆ ಅಂತ ಸಂಖ್ಯಾಶಾಸ್ತ್ರಜ್ಞರ ಒಂದು ತಂಡ ಇತ್ತು. ಎರಡು ಬಗೆಯ ಮದ್ದುಗುಂಡುಗಳಲ್ಲಿ ಯಾವುದು ಮೇಲು ಅಂತ ಪರೀಕ್ಷೆ ಮಾಡಬೇಕು ಅಂದರೆ ಇಷ್ಟು ಸುಡಬೇಕು ಅಂತ ಮೊದಲೇ ಲೆಕ್ಕ ಹಾಕಿ ಇಡುತ್ತಿದ್ದರು. ಆ ಲೆಕ್ಕ ಕೆಲವು ಸಲ ಸಾವಿರಗಳಿಗೆ ಹೋಗುತ್ತಿತ್ತು. ನೌಕಾಪಡೆಯ ಅಧಿಕಾರಿಯೊಬ್ಬರು ಒಂದು ಸರಳ ಮಾತು ಹೇಳಿದರು. ಅನುಭವ ಇರುವ ಅಧಿಕಾರಿಗೆ ಮೊದಲ ಕೆಲವು ನೂರು ಗುಂಡು ಸುಟ್ಟ ಮೇಲೆಯೇ ಯಾವುದು ಮೇಲು ಅಂತ ಗೊತ್ತಾಗಿಬಿಡುತ್ತದೆ, ಉಳಿದದ್ದನ್ನು ಯಾಕೆ ಸುಡಬೇಕು? ತಂಡದಲ್ಲಿದ್ದ ಆಲನ್ ವಾಲಿಸ್ ಮತ್ತು ಮಿಲ್ಟನ್ ಫ್ರೀಡ್ಮನ್ ಈ ಪ್ರಶ್ನೆ ಹಿಡಿದು ಕೂತರು. ಮುಂದೆ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದ ಫ್ರೀಡ್ಮನ್ ಇವರೇ. ಗಣಿತ ಅವರ ಕೈಗೆ ಸಿಗಲಿಲ್ಲ. ಪ್ರಶ್ನೆಯನ್ನು ಗಣಿತಜ್ಞ ಅಬ್ರಹಾಂ ವಾಲ್ಡ್ ಹತ್ತಿರ ತೆಗೆದುಕೊಂಡು ಹೋದರು. ವಾಲ್ಡ್‌ಗೆ ಮೊದಲು ನಂಬಿಕೆ ಬರಲಿಲ್ಲ. ಒಂದೆರಡು ದಿನದಲ್ಲಿ ಅವರೇ ಫೋನ್ ಮಾಡಿದರು. ಇಂಥ ಪರೀಕ್ಷೆ ಸಾಧ್ಯ, ಮಾಡುವುದು ಹೇಗೆ ಅಂತಲೂ ಹೇಳಬಲ್ಲೆ ಅಂದರು.

ವಾಲ್ಡ್ ಮಾಡಿದ್ದು ಇಷ್ಟು. ಎಷ್ಟು ನೋಡಬೇಕು ಅಂತ ಮೊದಲೇ ನಿಗದಿ ಮಾಡಬೇಡಿ. ಒಂದೊಂದಾಗಿ ನೋಡಿ. ಪ್ರತಿ ಸಲ ನೋಡಿದ ಮೇಲೂ ನಿಮ್ಮ ಮುಂದೆ ಮೂರು ಉತ್ತರ ಇರುತ್ತವೆ. ಇದು ಸರಿ ಅನ್ನಬಹುದು. ಅದು ಸರಿ ಅನ್ನಬಹುದು. ಇಲ್ಲವೇ, ಇನ್ನೂ ಒಂದು ನೋಡೋಣ ಅನ್ನಬಹುದು. ಮೂರನೆಯದಕ್ಕೂ ಮೊದಲ ಎರಡಕ್ಕೆ ಇರುವಷ್ಟೇ ಮರ್ಯಾದೆ. ಅದು ಸೋಲೂ ಅಲ್ಲ, ತಪ್ಪಿಸಿಕೊಳ್ಳುವುದೂ ಅಲ್ಲ. ಲೆಕ್ಕ ಹಾಕಿ ಕೊಟ್ಟ ಉತ್ತರ.

ಒಂದು ಉದಾಹರಣೆ ಹೇಳುತ್ತೇನೆ. ಇದಿಲ್ಲದೆ ವಿಷಯ ಅರ್ಧ ಮಾತ್ರ ಅರ್ಥ ಆಗುತ್ತದೆ. ಒಂದು ನಾಣ್ಯ ಇದೆ. ಅದು ಸರಿಯಾದ ನಾಣ್ಯವೋ, ಅಥವಾ ನೂರಕ್ಕೆ ಎಪ್ಪತ್ತು ಸಲ ಹೆಡ್ ಬೀಳುವ ಓರೆ ನಾಣ್ಯವೋ ತಿಳಿಯಬೇಕು. ಒಂದರಿಂದ ಶುರು ಮಾಡಿ. ಹೆಡ್ ಬಿದ್ದರೆ ಕೈಯಲ್ಲಿರುವ ಸಂಖ್ಯೆಯನ್ನು 1.4ರಿಂದ ಗುಣಿಸಿ, ಯಾಕಂದರೆ ಹೆಡ್ ಬೀಳುವ ಸಂಭವ ಓರೆ ನಾಣ್ಯಕ್ಕೆ 0.7, ಸರಿಯಾದ ನಾಣ್ಯಕ್ಕೆ 0.5; 0.7ನ್ನು 0.5ರಿಂದ ಭಾಗಿಸಿದರೆ 1.4. ಟೇಲ್ ಬಿದ್ದರೆ 0.6ರಿಂದ ಗುಣಿಸಿ, ಅದು 0.3ನ್ನು 0.5ರಿಂದ ಭಾಗಿಸಿದ್ದು. ಸರಿಯಾದ ನಾಣ್ಯವನ್ನು ಓರೆ ಅಂದುಬಿಡುವ ಅಪಾಯ 5 ಪರ್ಸೆಂಟ್ ಇರಲಿ, ಓರೆಯನ್ನು ಸರಿ ಅಂದುಬಿಡುವ ಅಪಾಯ 10 ಪರ್ಸೆಂಟ್ ಇರಲಿ ಅಂತ ನೀವು ಒಪ್ಪಿಕೊಂಡರೆ, ವಾಲ್ಡ್ ಸೂತ್ರದಿಂದ ಎರಡು ಗೆರೆ ಸಿಗುತ್ತವೆ. ಮೇಲಿನ ಗೆರೆ 18. ಕೆಳಗಿನ ಗೆರೆ ಸುಮಾರು 0.105. ಸಂಖ್ಯೆ 18 ದಾಟಿದರೆ ನಾಣ್ಯ ಓರೆ. 0.105ಕ್ಕಿಂತ ಕೆಳಗೆ ಹೋದರೆ ನಾಣ್ಯ ಸರಿ. ಮಧ್ಯೆ ಇರುವಷ್ಟು ಹೊತ್ತು ಇನ್ನೊಂದು ಸಲ ಚಿಮ್ಮಬೇಕು. ಸತತ ಒಂಬತ್ತು ಹೆಡ್ ಬಿದ್ದರೆ ಮೇಲಿನ ಗೆರೆ ದಾಟುತ್ತದೆ, ಎಂಟು ಸಾಲದು. ಸತತ ಐದು ಟೇಲ್ ಬಿದ್ದರೆ ಕೆಳಗಿನ ಗೆರೆ ದಾಟುತ್ತದೆ. ಬೇಕಿದ್ದರೆ ಕ್ಯಾಲ್ಕುಲೇಟರ್ ಹಿಡಿದು ನೋಡಿ. ಹೆಡ್ಡೂ ಟೇಲೂ ಬೆರೆತು ಬಿದ್ದರೆ ಮಾತ್ರ ಸಂಖ್ಯೆ ಮಧ್ಯದಲ್ಲೇ ಮೇಲೆ ಕೆಳಗೆ ಆಡುತ್ತಿರುತ್ತದೆ.

ನಾನು ಈಗ ಆ ಮಧ್ಯದಲ್ಲಿದ್ದೇನೆ. ಮಧ್ಯದಲ್ಲಿ ಇರುವುದು ತಪ್ಪಲ್ಲ. ಅಲ್ಲಿಯವರೆಗೆ ಸಿಕ್ಕ ಸಾಕ್ಷ್ಯ ಬೆರಕೆಯಾಗಿದೆ ಅಂತ ಅರ್ಥ.

ಈ ವಿಧಾನದಲ್ಲಿ ಸಾಮಾನ್ಯವಾಗಿ ಹಳೇ ವಿಧಾನದ ಸುಮಾರು ಅರ್ಧದಷ್ಟು ನೋಡಿದರೇ ಸಾಕಾಗುತ್ತದೆ ಅಂತ ವಾಲ್ಡ್ ತೋರಿಸಿದರು. ಯುದ್ಧದ ಸಮಯದಲ್ಲಿ ಇದನ್ನು ಗುಟ್ಟಾಗಿ ಇಟ್ಟಿದ್ದರು. 1945ರಲ್ಲಿ ಹೊರಗೆ ಪ್ರಕಟವಾಯಿತು. ಈಗ ಔಷಧಿಗಳ ಪರೀಕ್ಷೆಯಲ್ಲಿ ಮಧ್ಯೆ ಮಧ್ಯೆ ಲೆಕ್ಕ ನೋಡಿ, ಸಾಕ್ಷ್ಯ ಗಟ್ಟಿಯಾಗಿದ್ದರೆ ಬೇಗ ನಿಲ್ಲಿಸುವ ಪದ್ಧತಿ ಬೆಳೆದಿರುವುದೂ ಇದೇ ಯೋಚನೆಯಿಂದ.

ರಜೆಯಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಆ 5 ಮತ್ತು 10 ಪರ್ಸೆಂಟ್. ಅವೆರಡನ್ನು ಗಣಿತ ಕೊಡುವುದಿಲ್ಲ. ನೀವೇ ಕೊಡಬೇಕು. ಯಾವ ತಪ್ಪನ್ನು ಎಷ್ಟರ ಮಟ್ಟಿಗೆ ತಡೆದುಕೊಳ್ಳಬಲ್ಲಿರಿ ಅಂತ ಮೊದಲು ಹೇಳಿದರೆ, ಗೆರೆ ಎಲ್ಲಿ ಎಳೆಯಬೇಕು ಅಂತ ಸೂತ್ರ ಹೇಳುತ್ತದೆ. ನನ್ನ ವಿಷಯದಲ್ಲೂ ಎರಡು ತಪ್ಪು ಆಗಬಹುದು. ಎಂಎಸ್ಸಿಗೆ ಸೇರಿ, ಅದು ನನಗೆ ಹೊಂದುವುದಿಲ್ಲ ಅಂತ ಆಮೇಲೆ ಗೊತ್ತಾಗುವುದು ಒಂದು. ಕೆಲಸಕ್ಕೆ ಸೇರಿ, ಓದಬೇಕಿತ್ತು ಅಂತ ಆಮೇಲೆ ಅನ್ನಿಸುವುದು ಇನ್ನೊಂದು. ಅಮ್ಮನಿಗೆ ಮೊದಲನೆಯ ತಪ್ಪು ದೊಡ್ಡದು. ಎರಡು ವರ್ಷ, ದುಡ್ಡು, ಎಲ್ಲ ಹೋಗುತ್ತದಲ್ಲ ಅನ್ನುತ್ತಾರೆ. ನನಗೆ ಎರಡನೆಯದರ ಭಯ ಜಾಸ್ತಿ. ಕೆಲಸಕ್ಕೆ ಹೋದವರು "ಒಂದು ವರ್ಷ ಅಷ್ಟೇ, ಆಮೇಲೆ ಓದ್ತೀನಿ" ಅಂದು ಹೊರಟಿದ್ದನ್ನು ನೋಡಿದ್ದೇನೆ. ವಾಪಸ್ ಬಂದವರು ಕಡಿಮೆ. ತಿಂಗಳ ಸಂಬಳಕ್ಕೆ ಮನೆ ಒಗ್ಗಿಕೊಂಡ ಮೇಲೆ ಅದನ್ನು ನಿಲ್ಲಿಸುವುದು ಸುಲಭ ಅಲ್ಲ, ಅಲ್ವಾ?

ನಾನೂ ಅಮ್ಮನೂ ಇಷ್ಟು ದಿನ ವಾದ ಮಾಡುತ್ತಿದ್ದದ್ದು ಭವಿಷ್ಯದ ಬಗ್ಗೆ ಅಂದುಕೊಂಡಿದ್ದೆ. ಹಾಗಲ್ಲ. ಭವಿಷ್ಯ ನಮ್ಮಿಬ್ಬರಿಗೂ ಅಷ್ಟೇ ಗೊತ್ತು, ಅಷ್ಟೇ ಗೊತ್ತಿಲ್ಲ. ಯಾವ ತಪ್ಪು ಹೆಚ್ಚು ನೋಯಿಸುತ್ತದೆ ಅನ್ನುವುದರಲ್ಲಿ ನಮ್ಮ ಲೆಕ್ಕ ಬೇರೆ ಬೇರೆ. ಇದು ಹೊಳೆದ ಮೇಲೆ ಅಮ್ಮನ ಜೊತೆ ಮಾತಾಡುವುದು ಹಗುರಾಯಿತು. ಈಗ "ಯಾಕೆ ಅರ್ಥ ಮಾಡ್ಕೊಳಲ್ಲ" ಅಂತ ನಾನು ಕೂಗಾಡುವುದಿಲ್ಲ. "ಅಮ್ಮ, ನಿನಗೆ ಯಾವುದರ ಭಯ?" ಅಂತ ಕೇಳುತ್ತೇನೆ. ಅಮ್ಮ ಹೇಳುತ್ತಾರೆ. ಒಂದು ಸಲ ತಾವು ಓದು ಬಿಟ್ಟ ವರ್ಷದ ಕತೆ ಹೇಳಿದರು. ಮೊದಲು ಯಾವತ್ತೂ ಹೇಳಿರಲಿಲ್ಲ. ಅದು ಅವರದು, ಇಲ್ಲಿ ಬರೆಯುವುದಿಲ್ಲ.

ವಾಲ್ಡ್ ಯಾರು ಅಂತ ಆಮೇಲೆ ಹುಡುಕಿ ಓದಿದೆ. ಹುಟ್ಟಿದ್ದು 1902ರಲ್ಲಿ, ಈಗ ರೊಮೇನಿಯಾದಲ್ಲಿರುವ ಕ್ಲೂಜ್ ಪಟ್ಟಣದಲ್ಲಿ. ವಿಯೆನ್ನಾದಲ್ಲಿ ಗಣಿತದಲ್ಲಿ ಡಾಕ್ಟರೇಟ್ ಮಾಡಿದರು. ಯೆಹೂದಿ ಅನ್ನುವ ಕಾರಣಕ್ಕೆ ಅಲ್ಲಿ ವಿಶ್ವವಿದ್ಯಾಲಯದ ಹುದ್ದೆ ಸಿಗಲಿಲ್ಲ. ಅರ್ಥಶಾಸ್ತ್ರದ ಲೆಕ್ಕದ ಕೆಲಸ ಮಾಡಿ ಜೀವನ ನಡೆಸಿದರು. 1938ರಲ್ಲಿ ಆಸ್ಟ್ರಿಯಾ ನಾಜಿಗಳ ಕೈಗೆ ಹೋದಾಗ ಅಮೆರಿಕಕ್ಕೆ ಹೋದರು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಅವರ ದೊಡ್ಡ ಕೆಲಸ ಎಲ್ಲ ಶುರುವಾದದ್ದು ಅಲ್ಲಿ. ಊರಲ್ಲೇ ಉಳಿದ ಅವರ ತಂದೆ ತಾಯಿ ನಾಜಿಗಳ ಕೈಯಲ್ಲಿ ಸತ್ತರು. 1950ರಲ್ಲಿ ಭಾರತಕ್ಕೆ ಉಪನ್ಯಾಸ ಕೊಡಲು ಬಂದಿದ್ದ ವಾಲ್ಡ್, ಡಿಸೆಂಬರ್ 13ರಂದು ನೀಲಗಿರಿಯಲ್ಲಿ ನಡೆದ ವಿಮಾನ ಅಪಘಾತದಲ್ಲಿ ಹೆಂಡತಿಯ ಜೊತೆ ತೀರಿಕೊಂಡರು. ಆಗ ಅವರ ವಯಸ್ಸು 48. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೋಟ್ಸಿನಲ್ಲಿ ಒಂದು ಸೂತ್ರದ ಪಕ್ಕ ಬರುವ ಹೆಸರು ಅಂತ ಮಾತ್ರ ತಿಳಿದಿದ್ದೆ. ನಾನು "ಅನಿಶ್ಚಿತ" ಅಂತ ಕರೆಯುತ್ತಿರುವುದು ಒಂದು ವರ್ಷದ ವಿಷಯ. ಅವರ ಬದುಕು ಪೂರ್ತಿ ಹಾಗೇ ಇತ್ತು, ಮತ್ತು ಅವರು ಯೋಚನೆ ಮಾಡುವುದನ್ನು ನಿಲ್ಲಿಸಲಿಲ್ಲ.

ನಮ್ಮ ಕಡೆಯವರೇ ಆದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ ಕತೆ ಹೆಚ್ಚು ಜನಕ್ಕೆ ಗೊತ್ತಿರಬಹುದು. 1920ರಲ್ಲಿ ಹೂವಿನ ಹಡಗಲಿಯಲ್ಲಿ ಹುಟ್ಟಿದವರು. ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂಎ ಮುಗಿಸಿದ ಮೇಲೆ ಸಂಶೋಧನೆಗೆ ಸ್ಕಾಲರ್‌ಶಿಪ್ ಸಿಗಲಿಲ್ಲ. ಸೇನೆಯ ಸರ್ವೆ ವಿಭಾಗದಲ್ಲಿ ಕೆಲಸಕ್ಕೆ ಇಂಟರ್‌ವ್ಯೂ ಅಂತ ಕಲ್ಕತ್ತಾಗೆ ಹೋದರು. ಆ ಕೆಲಸವೂ ಸಿಗಲಿಲ್ಲ. ಆದರೆ ಅಲ್ಲಿ ಉಳಿದುಕೊಂಡಿದ್ದ ಕಡೆ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ತರಬೇತಿ ಪಡೆಯುತ್ತಿದ್ದ ಒಬ್ಬರ ಪರಿಚಯ ಆಯಿತು. ಸಂಖ್ಯಾಶಾಸ್ತ್ರಜ್ಞ ಮಹಾಲನೊಬಿಸ್ 1931ರಲ್ಲಿ ಕಟ್ಟಿದ ಸಂಸ್ಥೆ ಅದು. ಹೋಗಿ ನೋಡಿದರು. 1941ರಲ್ಲಿ ಅಲ್ಲೇ ಸೇರಿದರು. ಮುಂದೆ ಪಾಠ ಮಾಡುವಾಗ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿ, 1945ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ನಾವು ಈಗ ಕ್ರಾಮೆರ್-ರಾವ್ ಬೌಂಡ್ ಅಂತ ಓದುವುದು, ಅಂದರೆ ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರ ಆಗಬಹುದು ಅನ್ನುವ ಮಿತಿ, ಅದರಲ್ಲೇ ಇದೆ. ಆಗ ಅವರಿಗೆ ಇಪ್ಪತ್ತೈದರ ಆಸುಪಾಸು. 2023ರಲ್ಲಿ, 102ನೇ ವಯಸ್ಸಿನಲ್ಲಿ, ಅವರಿಗೆ ಇಂಟರ್‌ನ್ಯಾಷನಲ್ ಪ್ರೈಜ್ ಇನ್ ಸ್ಟ್ಯಾಟಿಸ್ಟಿಕ್ಸ್ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ತೀರಿಕೊಂಡರು.

ಈ ಕತೆಯನ್ನು ನಮಗೆ ಹೇಳಿದವರು "ನೋಡಿ, ಕೆಲಸ ಸಿಗದೇ ಇದ್ದದ್ದೇ ಒಳ್ಳೇದಾಯ್ತು" ಅಂತ ಮುಗಿಸಿದರು. ಅದನ್ನು ನಾನು ಒಪ್ಪುವುದಿಲ್ಲ. ಅದೇ ಕಾಲದಲ್ಲಿ ಇಂಟರ್‌ವ್ಯೂನಲ್ಲಿ ಸೋತು ವಾಪಸ್ ಹೋದ ಬೇರೆಯವರೂ ಇದ್ದಿರಬೇಕು. ಅವರ ಹೆಸರು ನಮಗೆ ಗೊತ್ತಿಲ್ಲ. ಗೆದ್ದವರ ಕತೆ ಮಾತ್ರ ಉಳಿಯುತ್ತದೆ, ಉಳಿದದ್ದನ್ನು ಮಾತ್ರ ನೋಡಿ ಲೆಕ್ಕ ಹಾಕಬಾರದು ಅಂತ ನಮಗೆ ಪಾಠ ಮಾಡಿದವರೂ ಇದೇ ಮೇಷ್ಟ್ರುಗಳು. ಕಾಲೇಜಿನಲ್ಲಿ ಹಳೇ ವಿದ್ಯಾರ್ಥಿಗಳನ್ನು ಕರೆಸಿ ಮಾತಾಡಿಸುತ್ತಾರಲ್ಲ, ಅಲ್ಲೂ ಇದೇ ತೊಂದರೆ. ಎರಡು ವರ್ಷ ಕೆಲಸ ಹುಡುಕಿದವರನ್ನು ಒಬ್ಬರನ್ನಾದರೂ ಕರೆಯಬೇಕು. ನಮಗೆ ಅವರ ಮಾತು ಹೆಚ್ಚು ಬೇಕು.

ರಾವ್ ಅವರ ಕತೆಯಲ್ಲಿ ನನಗೆ ಹಿಡಿಸುವುದು ಬೇರೆಯದು. ಕೆಲಸ ಸಿಗಲಿಲ್ಲ ಅಂತ ಗೊತ್ತಾದ ಮೇಲೂ ಅವರು ಆ ಸಂಸ್ಥೆ ಹೇಗಿದೆ ನೋಡೋಣ ಅಂತ ಹೋದರು. ಇನ್ನೂ ಒಂದು ನೋಡಿದರು.

ಈ ವರ್ಷದ ನನ್ನ ಪ್ರಾಜೆಕ್ಟ್ ಬಗ್ಗೆ ಹೇಳಲೇಬೇಕು, ಯಾಕಂದರೆ ಈಗ ನನ್ನ ದಿನದ ಬಹುಪಾಲು ಅದಕ್ಕೇ ಹೋಗುತ್ತಿದೆ. ಕಾಲೇಜಿನ ಲೈಬ್ರರಿಯ ಹಳೇ ಇಶ್ಯೂ ರಿಜಿಸ್ಟರ್‌ಗಳನ್ನು ತೆಗೆದುಕೊಂಡಿದ್ದೇನೆ. ಕಂಪ್ಯೂಟರ್ ಬರುವ ಮುಂಚಿನ ಕೈಬರಹದ ರಿಜಿಸ್ಟರ್‌ಗಳು. ಯಾವ ಪುಸ್ತಕ, ಯಾವತ್ತು ಹೊರಗೆ ಹೋಯಿತು, ಯಾವತ್ತು ವಾಪಸ್ ಬಂತು. ತೆಗೆದುಕೊಂಡವರ ಹೆಸರಿನ ಕಾಲಮ್ ನಾನು ಟೈಪ್ ಮಾಡುವುದಿಲ್ಲ. ನನ್ನ ಪ್ರಶ್ನೆ ಸರಳ: ಒಂದು ಪುಸ್ತಕ ಎಷ್ಟು ದಿನ ಹೊರಗೆ ಇರುತ್ತದೆ? ವಿಷಯದಿಂದ ವಿಷಯಕ್ಕೆ ಅದು ಬದಲಾಗುತ್ತದಾ?

ಲೈಬ್ರರಿಯನ್ ಮೇಡಂಗೆ ಮೊದಲು ಇಷ್ಟ ಇರಲಿಲ್ಲ. ಹಾಳೆಗಳು ಹರಿದುಹೋಗುತ್ತವೆ ಅಂತ ಭಯ. ಈಗ ಅವರೇ ಪಕ್ಕದಲ್ಲಿ ಕೂತು ಅರ್ಥ ಆಗದ ಕೈಬರಹ ಓದಿ ಹೇಳುತ್ತಾರೆ. "ಇದು ನಮ್ಮ ಹಳೇ ಕ್ಲರ್ಕ್ ಬರವಣಿಗೆ, ಅವರ ಏಳು ಒಂದರ ಥರ ಕಾಣುತ್ತೆ" ಅನ್ನುತ್ತಾರೆ. ಆ ಮಾತಿನಿಂದ ಒಂದು ಇಡೀ ರಿಜಿಸ್ಟರ್‌ನ ತಾರೀಖುಗಳು ಸರಿಹೋದವು. ಇಂಥ ಮಾಹಿತಿ ಯಾವ ಸಾಫ್ಟ್‌ವೇರ್‌ನಲ್ಲೂ ಸಿಗುವುದಿಲ್ಲ.

ರಿಜಿಸ್ಟರ್‌ನಲ್ಲಿ ಕೆಲವು ಸಾಲುಗಳಲ್ಲಿ ವಾಪಸ್ ಬಂದ ತಾರೀಖು ಇಲ್ಲ. ಖಾಲಿ. ಪುಸ್ತಕ ಕಳೆದಿರಬಹುದು, ಅಥವಾ ರಿಜಿಸ್ಟರ್ ಮುಗಿಯುವ ಹೊತ್ತಿಗೆ ಇನ್ನೂ ಯಾರ ಹತ್ತಿರವೋ ಇದ್ದಿರಬಹುದು. ಇವನ್ನು ಏನು ಮಾಡಬೇಕು? ಬಿಟ್ಟುಬಿಟ್ಟರೆ ಲೆಕ್ಕ ಸುಲಭ. ಆದರೆ ಬಹಳ ದಿನ ಹೊರಗೆ ಇರುವ ಪುಸ್ತಕಗಳೇ ಆ ಸಾಲುಗಳಲ್ಲಿ ಹೆಚ್ಚು. ಅವನ್ನು ತೆಗೆದರೆ ಎಲ್ಲರೂ ಪುಸ್ತಕ ಬೇಗ ವಾಪಸ್ ಕೊಡುತ್ತಾರೆ ಅನ್ನುವ ಸುಳ್ಳು ಚಿತ್ರ ಬರುತ್ತದೆ. ಗೈಡ್ ಮೇಡಂ ಹೇಳಿದರು: "ಖಾಲಿ ಅಂತ ಯಾಕೆ ಅಂತೀಯ? ಆ ದಿನದವರೆಗೆ ಬಂದಿರಲಿಲ್ಲ ಅಂತ ಗೊತ್ತಲ್ಲ? ಅಷ್ಟನ್ನು ಬಳಸು."

ಇದಕ್ಕೆ ಸೆನ್ಸಾರ್ಡ್ ಡೇಟಾ ಅಂತಾರೆ. 1958ರಲ್ಲಿ ಕಾಪ್ಲನ್ ಮತ್ತು ಮೇಯರ್ ಇದಕ್ಕೆ ಕೊಟ್ಟ ವಿಧಾನವನ್ನು ಈಗ ಆಸ್ಪತ್ರೆಗಳ ಸಂಶೋಧನೆಯಲ್ಲಿ ಪ್ರಪಂಚದಾದ್ಯಂತ ಬಳಸುತ್ತಾರೆ. ಅಧ್ಯಯನ ಮುಗಿಯುವಾಗ ರೋಗಿ ಇನ್ನೂ ಬದುಕಿದ್ದರೆ ಆ ರೋಗಿಯನ್ನು ಲೆಕ್ಕದಿಂದ ಹೊರಗೆ ಹಾಕುವುದಿಲ್ಲ. ಅಲ್ಲಿಯವರೆಗೆ ಬದುಕಿದ್ದರು ಅನ್ನುವುದೇ ಮಾಹಿತಿ. "ಇನ್ನೂ ಆಗಿಲ್ಲ" ಅನ್ನುವುದಕ್ಕೆ ಲೆಕ್ಕದಲ್ಲಿ ಜಾಗ ಇದೆ. ವಾಲ್ಡ್ ಪಾಠದಲ್ಲಿ ನನಗೆ ಕಂಡದ್ದು ಇಲ್ಲೂ ಬೇರೆ ವೇಷದಲ್ಲಿ ಕಾಣಿಸಿದಾಗ ತುಂಬಾ ಖುಷಿಯಾಯಿತು. ಸಂಜೆ ಲೈಬ್ರರಿ ಬಾಗಿಲು ಹಾಕುವ ತನಕ ಕೂತಿದ್ದರೂ ಬೇಜಾರಾಗುವುದಿಲ್ಲ. ಇದೂ ನನ್ನ ಒಂದು ಸಾಕ್ಷ್ಯ. ಎಂಎಸ್ಸಿ ಕಡೆಗೆ ಸಂಖ್ಯೆ ಸ್ವಲ್ಪ ಮೇಲೆ ಹೋಗಿದೆ.

ಆದರೆ ಒಂದು ಕಡೆ ಈ ಲೆಕ್ಕ ನನ್ನ ಬದುಕಿಗೆ ಪೂರ್ತಿ ಹೊಂದುವುದಿಲ್ಲ. ನಾಣ್ಯ ಎಷ್ಟು ಸಲ ಚಿಮ್ಮಿದರೂ ಅದೇ ನಾಣ್ಯ. ನಾನು ಹಾಗಲ್ಲ. ರಿಜಿಸ್ಟರ್ ಮುಂದೆ ಕೂತು ಕೂತು ನನ್ನ ಆಸೆಯೇ ಬದಲಾಗುತ್ತಿದೆ. ನೋಡುವುದರಿಂದಲೇ ನೋಡುವವಳು ಬದಲಾದರೆ ಸೂತ್ರ ಏನು ಮಾಡಬೇಕು? ಗೈಡ್ ಮೇಡಂ ಹತ್ತಿರ ಇದನ್ನೂ ಕೇಳಿದೆ. ಒಳ್ಳೇ ಪ್ರಶ್ನೆ, ಅದಕ್ಕೇ ಎಂಎಸ್ಸಿ ಮಾಡಬೇಕು ಅಂದರು. ಅವರು ಹಾಗೆ ಹೇಳುತ್ತಾರೆ ಅಂತ ಗೊತ್ತಿತ್ತು!

ಇನ್ನೊಂದು ತೊಂದರೆಗೆ ವಾಲ್ಡ್ ಅವರೇ ಉತ್ತರ ಕೊಟ್ಟಿದ್ದಾರೆ. ಸಂಖ್ಯೆ ಮಧ್ಯದಲ್ಲೇ ಆಡುತ್ತಾ ಉಳಿದರೆ? ಪರೀಕ್ಷೆ ಒಂದಲ್ಲ ಒಂದು ದಿನ ಮುಗಿದೇ ಮುಗಿಯುತ್ತದೆ ಅಂತ ಅವರು ಸಾಧಿಸಿ ತೋರಿಸಿದ್ದರು. ಆದರೆ ಯಾವತ್ತು ಅಂತ ಹೇಳಲಾಗದು. ಹಾಗಾಗಿ ಬೇಕಿದ್ದರೆ ಮೊದಲೇ ಒಂದು ಮಿತಿ ಹಾಕಿಕೊಳ್ಳಬಹುದು. ಅಲ್ಲಿಗೆ ಬಂದಾಗ ಸಂಖ್ಯೆ ಯಾವ ಕಡೆ ವಾಲಿದೆಯೋ ಅದೇ ನಿರ್ಧಾರ. ತಪ್ಪಾಗುವ ಅಪಾಯ ಸ್ವಲ್ಪ ಜಾಸ್ತಿ ಆಗುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಗೆರೆಯೂ ಇಲ್ಲದೆ, ಮಿತಿಯೂ ಇಲ್ಲದೆ "ನೋಡ್ತಾ ಇದ್ದೀನಿ" ಅಂದರೆ ಅದು ಉತ್ತರ ಅಲ್ಲ. ಇಷ್ಟನ್ನು ನಾನು ಒಪ್ಪುತ್ತೇನೆ. ಕೇಳುವವರಿಗೆ ಕಿರಿಕಿರಿ ಆಗುವುದು ಬಹುಶಃ ಇದಕ್ಕೇ. ನಮ್ಮ ಗೆರೆಗಳು ಅವರಿಗೆ ಕಾಣುವುದಿಲ್ಲ.

ಅದಕ್ಕೆ ಹೋದ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅಪ್ಪ "ಮುಂದೇನು" ಅಂತ ಕೇಳುವವರಲ್ಲ. ಪೇಪರಿನಲ್ಲಿ ಬಂದ ಉದ್ಯೋಗದ ಜಾಹೀರಾತುಗಳ ಫೋಟೋ ತೆಗೆದು ಸುಮ್ಮನೆ ವಾಟ್ಸಾಪ್‌ನಲ್ಲಿ ಹಾಕುತ್ತಾರೆ, ಕೆಳಗೆ ಏನೂ ಬರೆಯುವುದಿಲ್ಲ. ನಾಣ್ಯದ ಕತೆ ಪೂರ್ತಿ ಕೇಳಿಸಿಕೊಂಡರು.

"ಹಾಗಾದ್ರೆ ನಿನ್ನ ಗೆರೆ ಯಾವುದು, ಮಿತಿ ಯಾವುದು? ಬರೆದು ಕಳಿಸು" ಅಂದರು.

ಆ ರಾತ್ರಿ ಬರೆದು ಕಳಿಸಿದೆ. ಮಿತಿ ಜುಲೈ ಕೊನೆ. ಅದರಾಚೆ ನೋಡುವುದಿಲ್ಲ. ಅಷ್ಟರೊಳಗೆ ಎಂಎಸ್ಸಿಯ ಪ್ರವೇಶ ಪರೀಕ್ಷೆಗಳನ್ನು ಬರೆಯುತ್ತೇನೆ. ಕೆಲಸಕ್ಕೂ ಅರ್ಜಿ ಹಾಕುತ್ತೇನೆ, ಇಂಟರ್‌ವ್ಯೂ ಬಂದರೆ ಮನಸ್ಸಿಟ್ಟು ಹೋಗುತ್ತೇನೆ. ಒಳ್ಳೇ ವಿಭಾಗದಲ್ಲಿ ಸೀಟು ಮತ್ತು ಸ್ಕಾಲರ್‌ಶಿಪ್ ಎರಡೂ ಸಿಕ್ಕರೆ ಎಂಎಸ್ಸಿ. ಪ್ರಾಜೆಕ್ಟ್ ಮುಗಿಯುವ ಹೊತ್ತಿಗೆ ರಿಜಿಸ್ಟರ್ ಕಂಡರೆ ಬೇಜಾರು ಅನ್ನಿಸಿದರೆ ಕೆಲಸ. ಸೀಟು ಸಿಕ್ಕಿ ಸ್ಕಾಲರ್‌ಶಿಪ್ ಸಿಗದಿದ್ದರೆ, ಮತ್ತು ತಮ್ಮನ ಫೀಸು ಜಾಸ್ತಿಯಾದರೆ, ಆಗಲೂ ಕೆಲಸ.

ಅಪ್ಪ ಮರುದಿನ ಬೆಳಗ್ಗೆ ಫೋನ್ ಮಾಡಿದರು. ಎಲ್ಲ ಸರಿ ಇದೆ, ಕೊನೇ ಸಾಲು ತೆಗಿ ಅಂದರು. "ತಮ್ಮನ ಫೀಸು ನನ್ನ ಲೆಕ್ಕ. ನಿನ್ನ ಲೆಕ್ಕದಲ್ಲಿ ಅದು ಬರಬಾರದು."

ಅದು ಹೇಗೆ ಬರದೇ ಇರುತ್ತದೆ ಅಪ್ಪ ಅಂದೆ. ಒಂದೇ ಮನೆ, ಒಂದೇ ದುಡ್ಡು. ಅವರು ಒಪ್ಪಲಿಲ್ಲ. ನಾನೂ ಒಪ್ಪಿಲ್ಲ. ಆ ಸಾಲು ತೆಗೆದರೆ ಎರಡು ತಪ್ಪುಗಳ ಭಾರ ಬದಲಾಗುತ್ತದೆ, ಗೆರೆ ಜರುಗುತ್ತದೆ. ಆ ಸಾಲು ಇನ್ನೂ ಅಲ್ಲೇ ಇದೆ. ಬರುವ ಭಾನುವಾರ ಅಮ್ಮನನ್ನೂ ಲೈನಿಗೆ ಕರೆದು ಮೂವರೂ ಮಾತಾಡುವುದು ಅಂತ ಆಗಿದೆ. ಅಷ್ಟರಲ್ಲಿ ಸ್ಕಾಲರ್‌ಶಿಪ್ ಯಾವ ಯಾವುದಿದೆ ಅಂತ ಪಟ್ಟಿ ಮಾಡಿಕೊಂಡು ಬಾ ಅಂತ ಅಪ್ಪ ಹೇಳಿದ್ದಾರೆ. ಇವತ್ತು ಕ್ಲಾಸ್ ಮುಗಿದ ಮೇಲೆ ಆ ಕೆಲಸ ಶುರು ಮಾಡಿದೆ.